ಓದುಗರ ಪ್ರಶ್ನೆ: ಸ್ಪ್ರಿಂಟ್‌ನ ಅವಸರದಲ್ಲಿ ವಿನ್ಯಾಸಕ್ಕೆ ಜಾಗವೆಲ್ಲಿ?

ಸಾಫ್ಟ್‌ವೇರ್ ತಂಡಗಳ ಕೆಲಸದ ರೀತಿಯನ್ನು ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ದೂರುಗಳನ್ನು ಜೊತೆಯಾಗಿಯೇ ಹೇಳುತ್ತವೆ. ಸ್ಪ್ರಿಂಟ್‌ಗೆ, ಅಂದರೆ ಕೆಲವು ವಾರಗಳ ನಿಗದಿತ ಕೆಲಸದ ಸುತ್ತಿಗೆ, ಒಪ್ಪಿಕೊಂಡ ಕೆಲಸ ಮುಗಿಯುತ್ತಿಲ್ಲ ಎಂಬುದು ಒಂದು. ಕೋಡ್‌ನ ವಿನ್ಯಾಸ ದಿನೇ ದಿನೇ ಹದಗೆಡುತ್ತಿದೆ ಎಂಬುದು ಇನ್ನೊಂದು. ಎರಡರ ಮೂಲವೂ ಒಂದೇ ಎಂದು ನಾನು ನಂಬಿದ್ದೇನೆ. ಕೋಡ್ ಅನ್ನು ಕಡಿಮೆ ಖರ್ಚಿನಲ್ಲಿ, ಧೈರ್ಯದಿಂದ ಬದಲಾಯಿಸಲಾಗದ ತಂಡ ಎಷ್ಟೇ ಶಿಸ್ತಾಗಿ ಸಭೆಗಳನ್ನು ನಡೆಸಿದರೂ ಎರಡು ವಾರಗಳಲ್ಲಿ ಬಳಕೆಗೆ ಯೋಗ್ಯವಾದದ್ದನ್ನು ಕೊಡಲಾರದು. ಆದ್ದರಿಂದ ಆರು ಪತ್ರಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಬಿಲ್ ಪಾವತಿಯ ಆ್ಯಪ್ ಒಂದನ್ನು ಮಾಡುತ್ತಿರುವ ಒಂಬತ್ತು ಮಂದಿಯ ತಂಡಕ್ಕೆ ನಾನು ಟೆಕ್ ಲೀಡ್. ನಮ್ಮದು ಎರಡು ವಾರಗಳ ಸ್ಪ್ರಿಂಟ್. ಹಳೆಯವೂ ಹೊಸವೂ ಸೇರಿ ಸದಾ ಹದಿನೆಂಟು ಸ್ಟೋರಿಗಳು (ಬಳಕೆದಾರರಿಗೆ ಬೇಕಾದ ಒಂದೊಂದು ಸೌಲಭ್ಯದ ಸಣ್ಣ ಕೆಲಸಗಳು) ನಡೆಯುತ್ತಿರುತ್ತವೆ. ಸ್ಪ್ರಿಂಟ್ ಕೊನೆಗೆ ಒಂಬತ್ತು ಮುಗಿಯುತ್ತವೆ, ಒಂಬತ್ತು ಮುಂದಕ್ಕೆ ಹೋಗುತ್ತವೆ. ಪಕ್ಕದ ತಂಡದ ವೆಲಾಸಿಟಿ, ಅಂದರೆ ಒಂದು ಸ್ಪ್ರಿಂಟ್‌ನಲ್ಲಿ ಮುಗಿಸುವ ಸ್ಟೋರಿ ಪಾಯಿಂಟ್‌ಗಳ ಮೊತ್ತ, 60 ಇರುವಾಗ ನಿಮ್ಮದು 35 ಏಕೆ ಎಂದು ಮ್ಯಾನೇಜರ್ ಪ್ರತಿ ಬಾರಿ ಕೇಳುತ್ತಾರೆ. ಟೆಸ್ಟ್ ಬರೆಯುವುದಕ್ಕೂ ಕೋಡ್ ಸರಿಪಡಿಸುವುದಕ್ಕೂ ಸಮಯ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?
— ಟೆಕ್ ಲೀಡ್ ಒಬ್ಬರು, ಬೆಂಗಳೂರು

ಉತ್ತರ: ನೀವು ಬರೆದ ಅಂಕಿಗಳಲ್ಲಿಯೇ ಉತ್ತರದ ದೊಡ್ಡ ಪಾಲು ಇದೆ. ಸರತಿ ಸಾಲುಗಳ ಬಗ್ಗೆ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮವೊಂದಿದೆ: ಸ್ಥಿರವಾಗಿ ನಡೆಯುತ್ತಿರುವ ಯಾವುದೇ ವ್ಯವಸ್ಥೆಯಲ್ಲಿ ಒಂದು ಕೆಲಸ ಮುಗಿಯಲು ಹಿಡಿಯುವ ಸರಾಸರಿ ಅವಧಿಯೆಂದರೆ, ಒಳಗೆ ನಡೆಯುತ್ತಿರುವ ಕೆಲಸಗಳ ಸಂಖ್ಯೆಯನ್ನು ಕೆಲಸಗಳು ಮುಗಿಯುವ ವೇಗದಿಂದ ಭಾಗಿಸಿದಾಗ ಬರುವ ಭಾಗಲಬ್ಧ. ನಿಮ್ಮಲ್ಲಿ ನಡೆಯುತ್ತಿರುವವು 18, ಮುಗಿಯುವ ವೇಗ ಸ್ಪ್ರಿಂಟ್‌ಗೆ 9. ಅಂದರೆ ಒಂದು ಸ್ಟೋರಿ ಕೈಗೆತ್ತಿಕೊಂಡ ಮೇಲೆ ಮುಗಿಯಲು ಸರಾಸರಿ ಎರಡು ಸ್ಪ್ರಿಂಟ್, ನಾಲ್ಕು ವಾರ ಬೇಕು. ಹೀಗಿರುವಾಗ ಅರ್ಧದಷ್ಟು ಸ್ಟೋರಿಗಳು ಮುಂದಕ್ಕೆ ಹೋಗುವುದಕ್ಕೆ ಯಾರ ಆಲಸ್ಯವೂ ಕಾರಣವಲ್ಲ, ನಿಮ್ಮ ಕೆಲಸದ ಏರ್ಪಾಟೇ ಅದಕ್ಕೆ ಕಾರಣ. ಮುಗಿಸುವ ವೇಗವನ್ನು ಹೆಚ್ಚಿಸದೆ, ಏಕಕಾಲಕ್ಕೆ ನಡೆಯುವ ಸ್ಟೋರಿಗಳನ್ನು ಆರಕ್ಕೆ ಇಳಿಸಿದರೂ ಅದೇ ಲೆಕ್ಕದಲ್ಲಿ ಒಂದು ಸ್ಟೋರಿಗೆ ಹತ್ತು ಕೆಲಸದ ದಿನಗಳಲ್ಲಿ ಸುಮಾರು ಏಳು ಸಾಕಾಗುತ್ತವೆ.

ಆರು ಸ್ಟೋರಿಗಳಿಗೆ ಒಂಬತ್ತು ಮಂದಿ ಎಂದರೆ ಮೂವರು ಸುಮ್ಮನೆ ಕೂರುತ್ತಾರಲ್ಲ ಎಂದು ನಿಮ್ಮ ಮ್ಯಾನೇಜರ್ ಕೇಳಬಹುದು. ಕೂರುವುದಿಲ್ಲ. ಇಬ್ಬರು ಒಂದೇ ಸ್ಟೋರಿಯ ಮೇಲೆ ಜೊತೆಯಾಗಿ ಕೆಲಸ ಮಾಡುತ್ತಾರೆ. ಎರಡು ದಿನದಿಂದ ಕಾಯುತ್ತಿರುವ ಕೋಡ್ ರಿವ್ಯೂ (ಒಬ್ಬರ ಕೋಡ್ ಅನ್ನು ಇನ್ನೊಬ್ಬರು ಪರಿಶೀಲಿಸುವುದು) ಅದೇ ದಿನ ಆಗುತ್ತದೆ. ಟೆಸ್ಟಿಂಗ್ ಕೊನೆಯ ಎರಡು ದಿನಗಳಿಗೆ ರಾಶಿ ಬೀಳುವ ಬದಲು ಮೊದಲ ವಾರದಲ್ಲಿಯೇ ಶುರುವಾಗುತ್ತದೆ. ನೀವು ಕಳೆದುಕೊಂಡಿರುವ ವಿನ್ಯಾಸದ ಮಾತುಕತೆಯೂ ಇಲ್ಲಿಯೇ ಮರಳಿ ಬರುತ್ತದೆ, ಏಕೆಂದರೆ ಒಬ್ಬೊಬ್ಬರೂ ತಮ್ಮ ತಮ್ಮ ಎರಡು ಸ್ಟೋರಿಗಳ ಹಿಂದೆ ಓಡುತ್ತಿರುವಾಗ ಇನ್ನೊಬ್ಬರ ಕೋಡ್‌ನ ರೂಪವನ್ನು ಕುರಿತು ಯೋಚಿಸಲು ಯಾರಿಗೂ ಬಿಡುವಿರುವುದಿಲ್ಲ.

ಎರಡನೆಯದು ಸ್ಟೋರಿಗಳನ್ನು ಒಡೆಯುವ ಬಗೆ. ಮೊದಲ ಸ್ಪ್ರಿಂಟ್‌ನಲ್ಲಿ ಡೇಟಾಬೇಸ್, ಮುಂದಿನದರಲ್ಲಿ ಸರ್ವರ್ ಕಡೆಯ ಕೋಡ್, ಆಮೇಲೆ ಪರದೆ ಎಂದು ಪದರ ಪದರವಾಗಿ ಒಡೆದರೆ ಮೂರನೆಯ ಸ್ಪ್ರಿಂಟ್ ಮುಗಿಯುವವರೆಗೆ ಯಾರ ಕೈಗೂ ಏನೂ ಸಿಗುವುದಿಲ್ಲ, ವಿನ್ಯಾಸ ಸರಿಯಿದೆಯೇ ಎಂಬುದೂ ತಿಳಿಯುವುದಿಲ್ಲ. ಅದರ ಬದಲು ಒಂದೇ ಬಗೆಯ ಬಿಲ್ ಅನ್ನು ಯುಪಿಐ ಮೂಲಕ ಮಾತ್ರ, ಪೂರ್ಣ ಮೊತ್ತಕ್ಕೆ ಮಾತ್ರ ಪಾವತಿಸುವ ಸಣ್ಣ ದಾರಿಯನ್ನು ಪರದೆಯಿಂದ ಡೇಟಾಬೇಸ್‌ವರೆಗೆ ಮೊದಲು ಮಾಡಿ ಮುಗಿಸಿ. ಕಾರ್ಡ್, ಭಾಗಶಃ ಪಾವತಿ, ಹಣ ವಾಪಸಾತಿ ಇವೆಲ್ಲ ಬೇರೆ ಬೇರೆ ಸ್ಟೋರಿಗಳು. ಹಣ ಖಾತೆಯಿಂದ ಕಡಿತವಾಗಿ ಉತ್ತರ ಬಾರದೇ ಹೋದರೆ ಏನು ಮಾಡಬೇಕು ಎಂಬಂಥ ಕಠಿಣ ಪ್ರಶ್ನೆಗಳು ಈ ಸಣ್ಣ ದಾರಿಯಲ್ಲಿಯೇ ಎದುರಾಗುತ್ತವೆ. ಅವು ಎಷ್ಟು ಬೇಗ ಎದುರಾದರೆ ಅಷ್ಟು ಒಳ್ಳೆಯದು.

ವೆಲಾಸಿಟಿಯ ಹೋಲಿಕೆಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಅದು ತಪ್ಪು. ಸ್ಟೋರಿ ಪಾಯಿಂಟ್ ಎಂಬುದು ಒಂದು ತಂಡ ತನ್ನ ಒಂದು ಕೆಲಸವನ್ನು ತನ್ನದೇ ಇನ್ನೊಂದು ಕೆಲಸದೊಡನೆ ಹೋಲಿಸಿ ಕೊಟ್ಟುಕೊಂಡ ಅಳತೆ. ನಿಮ್ಮ ಮೂರು ಪಾಯಿಂಟ್ ಪಕ್ಕದ ತಂಡದಲ್ಲಿ ಐದಾಗಿರಬಹುದು. ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಪದ್ಧತಿಯಾದ ಸ್ಕ್ರಮ್‌ಗೆ ಆಧಾರವಾದ, ಕೆನ್ ಶ್ವಾಬರ್ ಮತ್ತು ಜೆಫ್ ಸದರ್ಲೆಂಡ್ ಬರೆದ ಮಾರ್ಗದರ್ಶಿಯ 2020ರ ಆವೃತ್ತಿಯಲ್ಲಿ ಸ್ಟೋರಿ ಪಾಯಿಂಟ್ ಆಗಲಿ ವೆಲಾಸಿಟಿ ಆಗಲಿ ಇಲ್ಲವೇ ಇಲ್ಲ. ಅದು ತಂಡದಿಂದ ಬಯಸುವುದು ಸ್ಪ್ರಿಂಟ್‌ನ ಗುರಿಯನ್ನು; ಆ ಗುರಿಗೆ ಧಕ್ಕೆಯಾಗದಂತೆ ಕೆಲಸದ ವ್ಯಾಪ್ತಿಯನ್ನು ಯಾವ ಕೆಲಸ ಮುಖ್ಯವೆಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಜೊತೆ ಮಾತನಾಡಿ ಹಿಗ್ಗಿಸಬಹುದು, ಕುಗ್ಗಿಸಬಹುದು, ಆದರೆ ಗುಣಮಟ್ಟ ಮಾತ್ರ ಇಳಿಯಕೂಡದು ಎಂದು ಅದು ಹೇಳುತ್ತದೆ. ನಿಮ್ಮಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು: ವ್ಯಾಪ್ತಿ ಕದಲುವುದಿಲ್ಲ, ಗುಣಮಟ್ಟ ಇಳಿಯುತ್ತಿದೆ. 60ನ್ನು ಗುರಿಯಾಗಿ ಹೇರಿದರೆ ತಂಡ ಮೂರನ್ನು ಐದೆಂದು ಬರೆಯುತ್ತದೆ, ಅಂಕಿ ಏರುತ್ತದೆ, ಬಳಕೆದಾರರಿಗೆ ಸಿಗುವುದು ಮೊದಲಿನಷ್ಟೇ. ಮ್ಯಾನೇಜರ್ ಅವರಿಗೆ ಒಂದು ಅಂಕಿ ಬೇಕೇ ಬೇಕೆಂದಾದರೆ, ಸ್ಟೋರಿಯೊಂದು ಕೈಗೆತ್ತಿಕೊಂಡ ದಿನದಿಂದ ಪ್ರೊಡಕ್ಷನ್ (ಬಳಕೆದಾರರು ನಿಜವಾಗಿ ಬಳಸುವ ವ್ಯವಸ್ಥೆ) ತಲುಪುವ ದಿನದವರೆಗೆ ಎಷ್ಟು ದಿನ ಹಿಡಿಯಿತು, ತಲುಪಿದ ಮೇಲೆ ಎಷ್ಟು ಬಾರಿ ಹಿಂದಕ್ಕೆ ತೆಗೆಯಬೇಕಾಯಿತು ಎಂಬ ಎರಡನ್ನು ಕೊಡಿ.

ಪ್ರಶ್ನೆ: ಪತ್ತಿನ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಹನ್ನೆರಡು ವರ್ಷಗಳ ಕೋಡ್ ಇದೆ. ಪ್ರತಿ ಸಂಘಕ್ಕೂ ಬಡ್ಡಿಯ ನಿಯಮ ಬೇರೆ: ಪಿಗ್ಮಿಗೆ ಒಂದು ಬಗೆ, ಮುದ್ದತು ಠೇವಣಿಗೆ ಇನ್ನೊಂದು, ಸುಸ್ತಿ ಬಡ್ಡಿಗೆ ಮತ್ತೊಂದು. ಸಂಘದ ಸಂಖ್ಯೆ ಇಂಥದ್ದಾದರೆ ಹೀಗೆ ಮಾಡು ಎಂಬ ಷರತ್ತುಗಳು ಕೋಡ್ ತುಂಬ ಹರಡಿವೆ. ಒಂದು ಸಂಘಕ್ಕೆ ಬದಲಾವಣೆ ಮಾಡಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ. ಪೂರ್ತಿ ಹೊಸದಾಗಿ ಬರೆಯೋಣ ಎಂದು ಹುಡುಗರು ಹೇಳುತ್ತಾರೆ, ಮಾಲೀಕರು ಒಪ್ಪುತ್ತಿಲ್ಲ. ಈಚೆಗೆ ಸ್ಪ್ರಿಂಟ್ ಪದ್ಧತಿ ತಂದಿದ್ದೇವೆ. ಅದರಿಂದ ತಪ್ಪುಗಳು ಬೇಗ ಬೇಗ ಹೊರಬೀಳುತ್ತಿವೆ, ಅಷ್ಟೇ.
— ಹಿರಿಯ ಡೆವಲಪರ್, ಹುಬ್ಬಳ್ಳಿ

ಉತ್ತರ: ಈ ವಿಷಯದಲ್ಲಿ ನಾನು ನಿಮ್ಮ ಮಾಲೀಕರ ಪಕ್ಷ. ಹನ್ನೆರಡು ವರ್ಷಗಳ ಕೋಡ್‌ನಲ್ಲಿ ಈಗ ಯಾರ ನೆನಪಿನಲ್ಲೂ ಇಲ್ಲದ ನೂರಾರು ನಿರ್ಧಾರಗಳು ಅಡಗಿರುತ್ತವೆ. ಐವತ್ತು ಪೈಸೆಯನ್ನು ಮೇಲಿನ ರೂಪಾಯಿಗೆ ಸೇರಿಸಬೇಕೋ ಬಿಡಬೇಕೋ, ಫೆಬ್ರುವರಿ 29ರಂದು ಇಟ್ಟ ಠೇವಣಿಯ ವರ್ಷ ಯಾವ ದಿನಕ್ಕೆ ತುಂಬುತ್ತದೆ, ಅವಧಿಗೆ ಮುಂಚೆ ಪಿಗ್ಮಿ ಖಾತೆ ಮುಚ್ಚಿದರೆ ಏಜೆಂಟರಿಗೆ ಕೊಟ್ಟ ಕಮಿಷನ್ ಯಾರ ಪಾಲಿಗೆ ಎಂಬಂಥ ನಿಯಮಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ. ಯಾವುದೋ ಸಂಘದ ಕಾರ್ಯದರ್ಶಿ ಫೋನಿನಲ್ಲಿ ಹೇಳಿದ್ದನ್ನು ಯಾರೋ ಕೋಡ್‌ಗೆ ಸೇರಿಸಿರುತ್ತಾರೆ. ಹೊಸದಾಗಿ ಬರೆದರೆ ಇವನ್ನೆಲ್ಲ ಒಂದೊಂದಾಗಿ ಮತ್ತೆ ಗ್ರಾಹಕರ ದೂರುಗಳಿಂದಲೇ ಕಲಿಯಬೇಕಾಗುತ್ತದೆ. ಅಷ್ಟರಲ್ಲಿ ಹಳೆಯದನ್ನೂ ನಡೆಸಬೇಕು, ಅದಕ್ಕೂ ಬದಲಾವಣೆ ಮಾಡುತ್ತಿರಬೇಕು, ಅದೇ ಬದಲಾವಣೆಯನ್ನು ಹೊಸದರಲ್ಲಿಯೂ ಮಾಡಬೇಕು. ಸಣ್ಣ ಕಂಪನಿಗೆ ಈ ಎರಡು ಕೆಲಸಗಳನ್ನು ಒಟ್ಟಿಗೆ ಹೊರುವುದು ಕಷ್ಟ.

ಹಾಗೆಂದು ಈಗಿರುವಂತೆಯೇ ಮುಂದುವರಿಯಿರಿ ಎಂದೂ ಹೇಳುವುದಿಲ್ಲ. ಕೋಡ್ ಮುಟ್ಟುವ ಮೊದಲು ಅದರ ಇಂದಿನ ನಡವಳಿಕೆಯನ್ನು ಹಿಡಿದಿಟ್ಟುಕೊಳ್ಳಿ. ಸದಸ್ಯರ ಹೆಸರು, ಖಾತೆ ಸಂಖ್ಯೆಗಳನ್ನು ಮರೆಮಾಡಿದ ನಿಜವಾದ ಖಾತೆಗಳ ಮಾಹಿತಿಯನ್ನು ಸಂಘಗಳ ಒಪ್ಪಿಗೆ ಪಡೆದು ತೆಗೆದುಕೊಳ್ಳಿ, ತಿಂಗಳ ಕೊನೆಯ ಬಡ್ಡಿ ಲೆಕ್ಕವನ್ನು ಈಗಿನ ಕೋಡ್‌ನಿಂದಲೇ ನಡೆಸಿ, ಬಂದ ಉತ್ತರಗಳನ್ನು ಕಡತವಾಗಿ ಉಳಿಸಿ. ಮುಂದೆ ಪ್ರತಿ ಬದಲಾವಣೆಯ ನಂತರವೂ ಅದೇ ಲೆಕ್ಕ ತಾನಾಗಿ ನಡೆದು, ಹಳೆಯ ಉತ್ತರದೊಡನೆ ಪೈಸೆ ಪೈಸೆ ತಾಳೆಯಾಗಬೇಕು. ಹಳೆಯ ಕೋಡ್‌ಗೆ ತಂತ್ರಾಂಶ ಲೇಖಕ ಮೈಕೆಲ್ ಫೆದರ್ಸ್ ಸೂಚಿಸುವ ವಿಧಾನ ಇದೇ: ಕೋಡ್ ಏನು ಮಾಡಬೇಕಿತ್ತು ಎಂಬುದನ್ನು ಬದಿಗಿಟ್ಟು, ಈಗ ಏನು ಮಾಡುತ್ತಿದೆ ಎಂಬುದನ್ನು ಮೊದಲು ದಾಖಲಿಸುವುದು. ಹೀಗೆ ಮಾಡುವಾಗ ಹಳೆಯ ಲೆಕ್ಕದಲ್ಲಿಯೇ ತಪ್ಪು ಕಂಡರೆ ಸದ್ದಿಲ್ಲದೆ ತಿದ್ದಬೇಡಿ. ಅದು ಸದಸ್ಯರ ಹಣ. ಸಂಘಕ್ಕೆ ಲಿಖಿತವಾಗಿ ತಿಳಿಸಿ, ಅವರ ತೀರ್ಮಾನವಾದ ಮೇಲೆ ಪ್ರತ್ಯೇಕ ಸ್ಟೋರಿಯಾಗಿ ತಿದ್ದಿ. ಇಷ್ಟಕ್ಕೇ ಎರಡು ಮೂರು ಸ್ಪ್ರಿಂಟ್‌ಗಳು ಹಿಡಿದರೂ ನಷ್ಟವಿಲ್ಲ. ಒಂದು ಸಂಘಕ್ಕೆ ಮಾಡಿದ್ದು ಇನ್ನೊಂದನ್ನು ಕೆಡಿಸಿತು ಎಂಬ ಸುದ್ದಿ ನಿಮಗೆ ಸಂಘದಿಂದ ತಿಳಿಯುವ ಬದಲು ನಿಮ್ಮ ಯಂತ್ರದಿಂದಲೇ, ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ.

ಆಮೇಲೆ ವಿನ್ಯಾಸ. ಕಂಪ್ಯೂಟರ್ ಪ್ರೋಗ್ರಾಂ ಅನ್ನು ಭಾಗಗಳಾಗಿ ಒಡೆಯುವಾಗ ಯಾವ ಮಾನದಂಡ ಬಳಸಬೇಕು ಎಂಬ ಪ್ರಶ್ನೆಯನ್ನು ಗಣಕ ವಿಜ್ಞಾನಿ ಡೇವಿಡ್ ಪಾರ್ನಸ್ 1972ರ ಲೇಖನವೊಂದರಲ್ಲಿ ಎತ್ತಿಕೊಂಡರು. ಸಾಲುಗಳ ಪದಗಳನ್ನು ಸುತ್ತು ತಿರುಗಿಸಿ ಅಕಾರಾದಿಯಾಗಿ ಜೋಡಿಸಿ ಪದಸೂಚಿ ತಯಾರಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಅವರು ಎರಡು ಬಗೆಯಲ್ಲಿ ಒಡೆದು ತೋರಿಸಿದರು. ಓದು, ತಿರುಗಿಸು, ಜೋಡಿಸು, ಮುದ್ರಿಸು ಎಂದು ಕೆಲಸದ ಹಂತಗಳ ಪ್ರಕಾರ ಒಡೆದಾಗ, ಸಾಲುಗಳನ್ನು ಸಂಗ್ರಹಿಸಿಡುವ ರೀತಿ ಬದಲಾದರೆ ಎಲ್ಲ ಭಾಗಗಳನ್ನೂ ತಿದ್ದಬೇಕಾಗುತ್ತಿತ್ತು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಮುಚ್ಚಿಟ್ಟು ಒಡೆದಾಗ, ಬದಲಾವಣೆ ಆ ಒಂದು ಭಾಗದೊಳಗೇ ಮುಗಿಯುತ್ತಿತ್ತು. ಅರ್ಧ ಶತಮಾನ ಕಳೆದಿದೆ. ಇದಕ್ಕಿಂತ ಉಪಯುಕ್ತವಾದ ವಿನ್ಯಾಸದ ಸೂತ್ರ ನನಗೆ ಇನ್ನೂ ಸಿಕ್ಕಿಲ್ಲ.

ನಿಮ್ಮ ಕೋಡ್‌ಗೆ ಇದನ್ನು ಅನ್ವಯಿಸಿ ನೋಡಿ. ಠೇವಣಿಯ ಪರದೆ, ಸಾಲದ ಪರದೆ, ವರದಿ ಎಂದು ಕೋಡ್ ಒಡೆದಿರಬಹುದು, ಮತ್ತು ಪ್ರತಿಯೊಂದರಲ್ಲೂ ಬಡ್ಡಿ ಲೆಕ್ಕದ ಒಂದೊಂದು ಪ್ರತಿ ಇರಬಹುದು ಎಂಬುದು ನನ್ನ ಊಹೆ. ಸಂಘದಿಂದ ಸಂಘಕ್ಕೆ ಬದಲಾಗುವುದು ಪರದೆಗಳಿಗಿಂತ ಹೆಚ್ಚಾಗಿ ಬಡ್ಡಿಯ ನಿಯಮ. ಆದ್ದರಿಂದ ಅದಕ್ಕೊಂದು ಪ್ರತ್ಯೇಕ ಭಾಗ ಇರಲಿ: ಅಸಲು, ಆರಂಭದ ಮತ್ತು ಕೊನೆಯ ದಿನಾಂಕ, ಅನ್ವಯಿಸುವ ನಿಯಮ ಇಷ್ಟನ್ನು ಪಡೆದು ಬಡ್ಡಿಯ ಮೊತ್ತವನ್ನು ಹಿಂತಿರುಗಿಸುವುದು ಮಾತ್ರ ಅದರ ಕೆಲಸ. ವರ್ಷಕ್ಕೆ 365 ದಿನವೋ 360 ದಿನವೋ, ಪೈಸೆಯನ್ನು ಏನು ಮಾಡಬೇಕು ಎಂಬುದು ಅದರಾಚೆಗೆ ಯಾರಿಗೂ ತಿಳಿದಿರಬೇಕಾಗಿಲ್ಲ. ಸಂಘದ ಸಂಖ್ಯೆಯನ್ನು ನೋಡುವ ಷರತ್ತುಗಳ ಜಾಗದಲ್ಲಿ, ಈ ಸಂಘಕ್ಕೆ ಈ ನಿಯಮಗಳು ಎಂಬ ಒಂದೇ ಒಂದು ಪಟ್ಟಿ ಇರಲಿ. ಇಲ್ಲಿ ಉತ್ಸಾಹಿ ತಂಡಗಳು ಸಾಮಾನ್ಯವಾಗಿ ಎಡವುವ ಒಂದು ತಾಣವಿದೆ. ನಾಳೆ ಯಾವ ಸಂಘ ಏನು ಕೇಳಿದರೂ ಕೋಡ್ ಮುಟ್ಟದೆ ಪೂರೈಸಬೇಕೆಂದು ಎಲ್ಲವನ್ನೂ ಸೆಟ್ಟಿಂಗ್‌ಗಳಾಗಿ ಮಾರ್ಪಡಿಸಲು ಹೊರಟರೆ, ಆ ಸೆಟ್ಟಿಂಗ್‌ಗಳೇ ಟೆಸ್ಟ್ ಇಲ್ಲದ ಇನ್ನೊಂದು ಕೋಡ್ ಆಗಿ ಬೆಳೆದು ನಿಲ್ಲುತ್ತವೆ. ಈಗ ನಿಮ್ಮ ಗ್ರಾಹಕರಲ್ಲಿ ನಿಜವಾಗಿ ಇರುವ ವ್ಯತ್ಯಾಸಗಳಿಗಷ್ಟೇ ಜಾಗ ಮಾಡಿ.

ಹೊಸ ಭಾಗಕ್ಕೆ ಒಮ್ಮೆಲೇ ಎಲ್ಲವನ್ನೂ ಸಾಗಿಸಬೇಡಿ. ಆಸ್ಟ್ರೇಲಿಯಾದ ಕಾಡುಗಳಲ್ಲಿ ಕಂಡ ಆಲದ ಜಾತಿಯ ಮರಗಳನ್ನು ನೆನೆದು ತಂತ್ರಾಂಶ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ, ಹಳೆಯದರ ಸುತ್ತ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆಳೆಸುವ ಒಂದು ವಿಧಾನವನ್ನು ವಿವರಿಸಿದರು. ನಮ್ಮ ಕಡೆಯೂ ಹಕ್ಕಿ ಉದುರಿಸಿದ ಬೀಜ ತಾಳೆಮರದ ಮೇಲೆ ಮೊಳೆತು, ಬೇರನ್ನು ನೆಲಕ್ಕಿಳಿಸಿ, ವರ್ಷಗಳ ನಂತರ ತಾಳೆ ಇಲ್ಲವಾದರೂ ಆಲ ತನ್ನ ಬಲದಲ್ಲಿಯೇ ನಿಂತಿರುವುದನ್ನು ನೋಡಿರುತ್ತೀರಿ. ಅದೇ ರೀತಿ ಮೊದಲು ಪಿಗ್ಮಿ ಬಡ್ಡಿ ಮಾತ್ರ, ಒಂದೆರಡು ಸಂಘಗಳಿಗೆ ಮಾತ್ರ, ಹೊಸ ಭಾಗದಿಂದ ಬರಲಿ. ಒಂದು ತಿಂಗಳು ಹಳೆಯದೂ ಹೊಸದೂ ಜೊತೆಯಾಗಿ ಲೆಕ್ಕ ಹಾಕಲಿ. ಉತ್ತರಗಳು ಕೂಡಿಬಂದ ಮೇಲೆ ಮುಂದಿನ ಸಂಘ, ಮುಂದಿನ ಠೇವಣಿ.

ಕೂಡಿಬಂದ ಮೇಲೆ ಹಳೆಯ ದಾರಿಯನ್ನು ಅಳಿಸುವುದನ್ನು ಮಾತ್ರ ಮರೆಯಬೇಡಿ. ಅಳಿಸುವವರೆಗೆ ಆ ಸ್ಟೋರಿ ಮುಗಿದಿಲ್ಲ ಎಂದೇ ಎಣಿಸಿ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಸಂಸ್ಥೆ 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗಳಿಗೂ ಹೆಚ್ಚು ಕಳೆದುಕೊಂಡಿತು. 2003ರಲ್ಲಿಯೇ ಬಳಕೆ ನಿಂತಿದ್ದ ಕೋಡ್ ಒಂದನ್ನು ಅವರು ಅಳಿಸಿರಲಿಲ್ಲ; ಅದನ್ನು ಚಾಲೂ ಮಾಡುತ್ತಿದ್ದ ಗುರುತನ್ನೇ ಹೊಸ ಸೌಲಭ್ಯಕ್ಕೂ ಬಳಸಿದರು; ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಲಿಲ್ಲ. ಆ ಒಂದು ಸರ್ವರ್‌ನಲ್ಲಿ ಹಳೆಯ ಕೋಡ್ ಎದ್ದು ತಡೆಯಿಲ್ಲದೆ ಷೇರು ಖರೀದಿ, ಮಾರಾಟ ನಡೆಸಿತು. ಬಳಸದ ಕೋಡ್ ಇದ್ದರೆ ಇರಲಿ ಬಿಡಿ ಎನ್ನುವವರಿಗೆ ನಾನು ಈ ಘಟನೆಯನ್ನು ಪೂರ್ತಿ ವಿವರಿಸುತ್ತೇನೆ.

ಇಷ್ಟಕ್ಕೆಲ್ಲ ಪ್ರತ್ಯೇಕ ದುರಸ್ತಿ ಸ್ಪ್ರಿಂಟ್ ಕೇಳಬೇಡಿ, ಅದು ಪ್ರತಿ ಬಾರಿಯೂ ಮುಂದಕ್ಕೆ ಹೋಗುತ್ತದೆ. ಯಾವುದೇ ಸಂಘ ಬಡ್ಡಿಯ ಬದಲಾವಣೆ ಕೇಳಿದಾಗ, ಆ ಸಂಘದ ಆ ಬಡ್ಡಿಯನ್ನು ಹೊಸ ಭಾಗಕ್ಕೆ ಸಾಗಿಸಿಯೇ ಬದಲಾವಣೆ ಮಾಡುವುದೆಂದು ಅಂದಾಜಿನೊಳಗೇ ಸೇರಿಸಿ. ಜೊತೆಗೆ, ಏಕೆ ಹೀಗೆ ಮಾಡಿದೆವು ಎಂಬುದನ್ನು ಒಂದು ಪುಟದಲ್ಲಿ ಬರೆದು ಕೋಡ್ ಇರುವಲ್ಲಿಯೇ ಇಡಿ: ಸಂದರ್ಭ ಏನಿತ್ತು, ಏನು ತೀರ್ಮಾನಿಸಿದೆವು, ಅದರ ಪರಿಣಾಮಗಳೇನು. ಹನ್ನೆರಡು ವರ್ಷಗಳ ಹಿಂದೆ ನಿಮ್ಮಲ್ಲಿ ಯಾರಾದರೂ ಹೀಗೆ ಬರೆದಿಟ್ಟಿದ್ದರೆ ಇಂದಿನ ಕೆಲಸ ಅರ್ಧ ಹಗುರವಾಗಿರುತ್ತಿತ್ತು.

ಪ್ರಶ್ನೆ: ಪ್ರತಿ ಬಾರಿ ರಿಫ್ಯಾಕ್ಟರಿಂಗ್‌ಗೆ, ಅಂದರೆ ಕೋಡ್‌ನ ನಡವಳಿಕೆ ಬದಲಿಸದೆ ಅದರ ರಚನೆ ಸುಧಾರಿಸುವುದಕ್ಕೆ, ಸಮಯ ಕೇಳಿದಾಗ, ಕಣ್ಣಿಗೆ ಕಾಣದ ಕೆಲಸಕ್ಕೆ ನಾವೇಕೆ ಹಣ ಕೊಡಬೇಕೆಂದು ಕ್ಲೈಂಟ್ ಕೇಳುತ್ತಾರೆ. ಅವರನ್ನು ಒಪ್ಪಿಸುವುದು ಹೇಗೆ?
— ಪ್ರಾಜೆಕ್ಟ್ ಮ್ಯಾನೇಜರ್, ಮಂಗಳೂರು

ಉತ್ತರ: ಅವರ ಪ್ರಶ್ನೆ ನ್ಯಾಯವಾದದ್ದು. ಇದೇ ಇಕ್ಕಟ್ಟಿನಲ್ಲಿದ್ದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್, ಹೂಡಿಕೆಗಳನ್ನು ನಿರ್ವಹಿಸುವ ತಂತ್ರಾಂಶವೊಂದರ ಅನುಭವವನ್ನು 1992ರಲ್ಲಿ ಬರೆಯುವಾಗ ಸಾಲದ ಲೆಕ್ಕದಲ್ಲಿ ವಿಷಯವನ್ನು ವಿವರಿಸಿದರು: ವಿಷಯ ಪೂರ್ತಿ ಅರ್ಥವಾಗುವ ಮೊದಲೇ ಕೋಡ್ ಬಿಡುಗಡೆ ಮಾಡುವುದು ಸಾಲ ಮಾಡಿದಂತೆ, ಬೇಗ ತೀರಿಸಿದರೆ ಆ ಸಾಲ ಕೆಲಸವನ್ನು ಮುಂದೂಡದೆ ನಡೆಸಲು ನೆರವಾಗುತ್ತದೆ, ತೀರಿಸದಿದ್ದರೆ ಆ ಕೋಡ್ ಮೇಲೆ ಕಳೆಯುವ ಪ್ರತಿ ನಿಮಿಷವೂ ಬಡ್ಡಿಯಾಗುತ್ತದೆ. ಕೆಟ್ಟದಾಗಿ ಬರೆಯಲು ಇದು ಅನುಮತಿಯಲ್ಲ ಎಂಬುದನ್ನೂ ಅವರು ಮುಂದೆ ಸ್ಪಷ್ಟಪಡಿಸಿದರು. ನೀವು ಕ್ಲೈಂಟ್‌ಗೆ ಆ ಬಡ್ಡಿಯನ್ನೇ ತೋರಿಸಿ. ಎರಡು ವರ್ಷಗಳ ಹಿಂದೆ ಅರ್ಜಿಯ ನಮೂನೆಗೆ ಒಂದು ಅಂಕಣ ಸೇರಿಸಲು ಎಷ್ಟು ದಿನ ಹಿಡಿದಿತ್ತು, ಅಂಥದೇ ಕೆಲಸಕ್ಕೆ ಈಗ ಎಷ್ಟು ಹಿಡಿಯುತ್ತಿದೆ ಎಂಬುದು ಕೆಲಸಗಳ ದಾಖಲೆ ಇಡುವ ನಿಮ್ಮ ಜಿರಾದಲ್ಲಿಯೇ ಇದೆ. ಯಾವ ಕಡತಗಳು ಅತಿ ಹೆಚ್ಚು ಬಾರಿ ಬದಲಾಗಿವೆ, ಬಗ್‌ಗಳು ಯಾವುವುಗಳಲ್ಲಿ ಹೆಚ್ಚು ಎಂಬುದನ್ನು ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಹೇಳುತ್ತದೆ. ಎರಡೂ ಪಟ್ಟಿಗಳಲ್ಲಿ ಬರುವ ಕೆಲವೇ ಕಡತಗಳಿಗಾಗಿ ವಾದಿಸಿ. ನೋಡಲು ಎಷ್ಟೇ ಅಸಹ್ಯವಾಗಿದ್ದರೂ ವರ್ಷಗಟ್ಟಲೆ ಯಾರೂ ಮುಟ್ಟದೆ ಸರಿಯಾಗಿ ನಡೆಯುತ್ತಿರುವ ಕೋಡ್ ಅನ್ನು ಹಾಗೇ ಬಿಡಿ. ಅದಕ್ಕೆ ಹಣ ಕೊಡಲು ಕ್ಲೈಂಟ್ ನಿರಾಕರಿಸಿದರೆ ಅವರೇ ಸರಿ.

ಪ್ರಶ್ನೆ: ಎಂಜಿನಿಯರಿಂಗ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಕಾಲೇಜಿನಲ್ಲಿ ಮೊದಲು ವಿನ್ಯಾಸ, ಆಮೇಲೆ ಕೋಡ್ ಎಂದು ಕಲಿಸಿದರು. ಇಲ್ಲಿ ನಾವು ಅಜೈಲ್ (ಸಣ್ಣ ಸಣ್ಣ ಸುತ್ತುಗಳಲ್ಲಿ ಕೆಲಸ ಮಾಡುವ ವಿಧಾನ), ವಿನ್ಯಾಸ ಬೇಡ ಎನ್ನುತ್ತಾರೆ. ಯಾವುದು ಸರಿ?
— ಕಿರಿಯ ಡೆವಲಪರ್, ಶಿವಮೊಗ್ಗ

ಉತ್ತರ: ಅಜೈಲ್‌ನಲ್ಲಿ ವಿನ್ಯಾಸ ಬೇಡ ಎಂದು ಯಾರೂ ಹೇಳಿಲ್ಲ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿಯ ಅಜೈಲ್ ಘೋಷಣೆಗೆ ಜೊತೆಯಾಗಿರುವ 12 ತತ್ವಗಳಲ್ಲಿ ಒಂದು, ತಾಂತ್ರಿಕ ಉತ್ಕೃಷ್ಟತೆಗೆ ಮತ್ತು ಒಳ್ಳೆಯ ವಿನ್ಯಾಸಕ್ಕೆ ಸದಾ ಗಮನ ಕೊಡುವುದರಿಂದ ತಂಡದ ಚುರುಕು ಹೆಚ್ಚುತ್ತದೆ ಎಂದೇ ಹೇಳುತ್ತದೆ. ಮೊದಲೇ ಕುಳಿತು ಯೋಚಿಸಬೇಕಾದದ್ದು, ಆಮೇಲೆ ಬದಲಾಯಿಸಲು ತುಂಬ ಖರ್ಚಾಗುವ ವಿಷಯಗಳನ್ನು: ಮಾಹಿತಿಯನ್ನು ಯಾವ ರೂಪದಲ್ಲಿ ಸಂಗ್ರಹಿಸುತ್ತೀರಿ, ಹೊರಗಿನವರು ತಮ್ಮ ತಂತ್ರಾಂಶದಿಂದ ನಿಮ್ಮದನ್ನು ಬಳಸುವ ದಾರಿಯಾದ ಎಪಿಐ ಹೇಗಿರುತ್ತದೆ, ಯಾರಿಗೆ ಏನನ್ನು ನೋಡಲು ಅಧಿಕಾರವಿದೆ. ಉಳಿದದ್ದನ್ನು ಕೋಡ್ ಬರೆಯುತ್ತ, ಟೆಸ್ಟ್‌ಗಳ ಆಸರೆಯಲ್ಲಿ ತಿದ್ದುತ್ತ ಬೆಳೆಸಬಹುದು. ನಿಮ್ಮ ಮುಂದಿನ ಸ್ಟೋರಿ ಶುರುವಾಗುವ ಮೊದಲು ಹಿರಿಯರೊಬ್ಬರನ್ನು ಅರ್ಧ ಗಂಟೆ ಬೋರ್ಡ್ ಮುಂದೆ ಕರೆದು, ಯಾವ ಭಾಗ ಯಾವುದನ್ನು ಕರೆಯುತ್ತದೆ ಎಂದು ಚಿತ್ರ ಬರೆದು ತೋರಿಸಿ, ಅವರ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ. ಪದೇ ಪದೇ ಬರುವ ಸಮಸ್ಯೆಗಳಿಗೆ ಸಿದ್ಧ ವಿನ್ಯಾಸಗಳಾದ ಡಿಸೈನ್ ಪ್ಯಾಟರ್ನ್‌ಗಳನ್ನು ಕಲಿಯಿರಿ, ಆದರೆ ಅವುಗಳ ಅಗತ್ಯ ಕೋಡ್‌ನಲ್ಲಿ ಕಾಣುವವರೆಗೆ ಬಳಸಬೇಡಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ಹದಿನಾಲ್ಕು ಮಂದಿಯ ತಂಡದಲ್ಲಿ ಏಳು ಮಂದಿ ಇಲ್ಲಿ, ಏಳು ಮಂದಿ ಬೆಂಗಳೂರಿನಲ್ಲಿ. ವಿನ್ಯಾಸ ಇಲ್ಲಿ ತೀರ್ಮಾನವಾಗುತ್ತದೆ, ಕೋಡ್ ಮತ್ತು ಟೆಸ್ಟಿಂಗ್ ಅಲ್ಲಿ. ಬೆಳಗಿನ ನಮ್ಮ ಸ್ಟ್ಯಾಂಡಪ್‌ಗೆ (ದಿನನಿತ್ಯದ ಚಿಕ್ಕ ಸಭೆಗೆ) ಅವರು ಸಂಜೆ ಏಳಕ್ಕೆ ಕೂರಬೇಕು, ಅದು ಮುಕ್ಕಾಲು ಗಂಟೆ ನಡೆಯುತ್ತದೆ. ಅಲ್ಲಿಯವರು ಮಾತೇ ಆಡುವುದಿಲ್ಲ, ಹೇಳಿದ್ದನ್ನು ಮಾಡಿ ಕಳಿಸುತ್ತಾರೆ. ನಾನೂ ಒಂದು ಕಾಲದಲ್ಲಿ ಆ ಕಡೆ ಕುಳಿತವನೇ, ಹಾಗಾಗಿ ಬೇಸರವಾಗುತ್ತದೆ.
— ಕನ್ನಡಿಗ ತಂಡ ನಾಯಕ, ನ್ಯೂಜೆರ್ಸಿ

ಉತ್ತರ: ಅಲ್ಲಿಯವರು ಮಾತಾಡದಿರುವುದಕ್ಕೆ ಸಂಕೋಚ ಕಾರಣವೆಂದು ನನಗನಿಸುವುದಿಲ್ಲ. ತೀರ್ಮಾನಗಳೆಲ್ಲ ಆಗಿ ಮುಗಿದ ಮೇಲೆ ಅವರಿಗೆ ಹೇಳುವುದಕ್ಕೆ ಉಳಿಯುವುದೇನು? ಒಂದು ಸಂಸ್ಥೆ ರೂಪಿಸುವ ವ್ಯವಸ್ಥೆಗೆ ಆ ಸಂಸ್ಥೆಯೊಳಗಿನ ಸಂಪರ್ಕದ ರೂಪವೇ ಬರುತ್ತದೆ ಎಂದು ಗಣಕ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿಯೇ ಬರೆದರು. ನಿಮ್ಮಲ್ಲಿ ಯೋಚಿಸುವವರು ಒಂದು ಕಡೆ, ಬರೆಯುವವರು ಒಂದು ಕಡೆ. ನಡುವೆ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ. ಕೋಡ್ ಬರೆಯುವಾಗಲೇ ಕಾಣುವ ವಿನ್ಯಾಸದ ದೋಷ ನಿಮ್ಮನ್ನು ತಲುಪಲು ಒಂದು ದಿನ, ಉತ್ತರ ಹಿಂತಿರುಗಲು ಇನ್ನೊಂದು ದಿನ ಬೇಕು. ಅಷ್ಟು ಕಾಯುವುದಕ್ಕಿಂತ ದೋಷವನ್ನು ಹಾಗೇ ಬರೆದು ಮುಗಿಸುವುದು ಅವರಿಗೆ ಸುಲಭವಾಗುತ್ತದೆ.

ಕೆಲಸವನ್ನು ಹಂಚುವ ರೀತಿಯನ್ನೇ ಬದಲಿಸಿ. ಉತ್ಪನ್ನದ ಒಂದು ಪೂರ್ಣ ಭಾಗ, ಅದರ ವಿನ್ಯಾಸ, ಟೆಸ್ಟ್, ಪ್ರೊಡಕ್ಷನ್‌ನ ಜವಾಬ್ದಾರಿ ಎಲ್ಲವೂ ಸೇರಿ, ಬೆಂಗಳೂರಿನವರದಾಗಲಿ. ದಿನನಿತ್ಯದ ಪ್ರಶ್ನೆಗಳಿಗೆ ತೀರ್ಪು ಕೊಡಬಲ್ಲವರೊಬ್ಬರು ಅಲ್ಲಿಯೇ ಇರಲಿ. ಹದಿನಾಲ್ಕು ಮಂದಿಯ ನಡುವೆ ಇಬ್ಬಿಬ್ಬರಂತೆ ಎಣಿಸಿದರೆ 91 ಸಂಪರ್ಕಗಳಾಗುತ್ತವೆ. ಏಳೇಳು ಮಂದಿಯ ಎರಡು ತಂಡಗಳಾದರೆ ತಂಡಕ್ಕೆ 21ರಂತೆ 42. ಈ ಲೆಕ್ಕವನ್ನು ಗಣಕ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಮುಂದಿಟ್ಟು, ತಡವಾದ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದಿದ್ದರು. ಸ್ಕ್ರಮ್ ಮಾರ್ಗದರ್ಶಿ ಕೂಡ ತಂಡದಲ್ಲಿ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಮಂದಿ ಇರುತ್ತಾರೆ ಎನ್ನುತ್ತದೆ. ಎರಡು ತಂಡಗಳ ನಡುವಿನ ಎಪಿಐ ಹೇಗಿರಬೇಕು ಎಂಬುದನ್ನು ಬರೆದಿಡಿ, ಯಾರು ಅದನ್ನು ಮುರಿದರೂ ತಕ್ಷಣ ತಿಳಿಸುವ ಟೆಸ್ಟ್‌ಗಳು ಎರಡೂ ಕಡೆ ಓಡಲಿ.

ಸ್ಟ್ಯಾಂಡಪ್ ಅನ್ನು ಬೇರೆ ಬೇರೆ ಮಾಡಿ, ಅವರವರ ಬೆಳಗಿನಲ್ಲಿ, ಹದಿನೈದು ನಿಮಿಷ. ಅದು ಡೆವಲಪರ್‌ಗಳು ತಮ್ಮ ಮುಂದಿನ ಒಂದು ದಿನವನ್ನು ತಾವೇ ಯೋಜಿಸಿಕೊಳ್ಳುವ ಸಭೆ, ನಿಮಗೆ ವರದಿ ಒಪ್ಪಿಸುವುದಕ್ಕೆ ಅಲ್ಲ. ಎರಡೂ ಊರುಗಳಲ್ಲಿ ಜನ ಎಚ್ಚರವಿರುವ ಆ ಅಮೂಲ್ಯ ಒಂದು ಗಂಟೆಯನ್ನು ವಾರಕ್ಕೆ ಎರಡು ಬಾರಿ ವಿನ್ಯಾಸದ ಚರ್ಚೆಗೆ ಮೀಸಲಿಡಿ. ಚರ್ಚೆಯ ಟಿಪ್ಪಣಿ ಹಿಂದಿನ ದಿನವೇ ಎಲ್ಲರ ಕೈಸೇರಲಿ. ಟಿಪ್ಪಣಿಯನ್ನು ಒಮ್ಮೆ ನೀವು, ಮುಂದಿನ ಬಾರಿ ಬೆಂಗಳೂರಿನವರು ಬರೆಯಲಿ. ಸಮಯದ ಅನನುಕೂಲವನ್ನೂ ಹಂಚಿಕೊಳ್ಳಿ: ಒಂದು ತಿಂಗಳು ಅವರು ತಡವಾಗಿ ಕುಳಿತರೆ, ಮುಂದಿನ ತಿಂಗಳು ನೀವು ಬೇಗ ಏಳಿ.

ಪ್ರಶ್ನೆ: ನಮ್ಮದು ಸಪೋರ್ಟ್ ತಂಡ. ದಿನವೂ ಟಿಕೆಟ್‌ಗಳು (ಬಳಕೆದಾರರ ದೂರು, ಕೋರಿಕೆಗಳು) ಬರುತ್ತಲೇ ಇರುವುದರಿಂದ ಸೋಮವಾರ ಮಾಡಿದ ಸ್ಪ್ರಿಂಟ್ ಯೋಜನೆ ಬುಧವಾರಕ್ಕೆ ಉಳಿಯುವುದಿಲ್ಲ. ಆದರೂ ಕಂಪನಿ ಸ್ಪ್ರಿಂಟ್ ಮಾಡಲೇಬೇಕು ಎನ್ನುತ್ತದೆ.
— ಸಪೋರ್ಟ್ ಎಂಜಿನಿಯರ್, ಮೈಸೂರು

ಉತ್ತರ: ನಿಮಗೆ ಸ್ಪ್ರಿಂಟ್ ಬೇಡ, ಕಾನ್‌ಬಾನ್ ಬೇಕು: ಕೆಲಸಗಳನ್ನು ಬೋರ್ಡ್ ಮೇಲೆ ಹಂತಹಂತದ ಅಂಕಣಗಳಲ್ಲಿ ಇಟ್ಟು, ಏಕಕಾಲಕ್ಕೆ ನಡೆಯುವವುಗಳಿಗೆ ಮಿತಿ ಹಾಕುವ ಪದ್ಧತಿ. 2004ರಲ್ಲಿ ಮೈಕ್ರೋಸಾಫ್ಟ್ ತನ್ನೊಳಗಿನ ಬಳಕೆಯ ತಂತ್ರಾಂಶಗಳ ನಿರ್ವಹಣೆಗೆ ಹೈದರಾಬಾದಿನಲ್ಲಿ ಇಟ್ಟುಕೊಂಡಿದ್ದ ತಂಡ ನಿಮ್ಮಂಥದೇ ಸ್ಥಿತಿಯಲ್ಲಿತ್ತು. ಬಂದ ಪ್ರತಿ ಕೋರಿಕೆಗೂ ಅಂದಾಜು ಕೊಡುವುದರಲ್ಲಿಯೇ ತಂಡದ ಶಕ್ತಿಯ ದೊಡ್ಡ ಪಾಲು ಹೋಗುತ್ತಿತ್ತು, ಕೋರಿಕೆಗಳು ತಿಂಗಳುಗಟ್ಟಲೆ ಕಾಯುತ್ತಿದ್ದವು. ಈ ಪದ್ಧತಿಯನ್ನು ತಂತ್ರಾಂಶದ ಕೆಲಸಕ್ಕೆ ತಂದ ಡೇವಿಡ್ ಆ್ಯಂಡರ್ಸನ್ ಅವರ ಸಲಹೆಯಂತೆ ಅಂದಾಜು ಕೊಡುವುದನ್ನು ನಿಲ್ಲಿಸಿ, ಏಕಕಾಲಕ್ಕೆ ನಡೆಯುವ ಕೆಲಸಗಳಿಗೆ ಮಿತಿ ಹಾಕಿದ ಮೇಲೆ, ಅದೇ ಜನ ಅದೇ ಕೆಲಸವನ್ನು ಎಷ್ಟೋ ಪಟ್ಟು ಬೇಗ ಮುಗಿಸತೊಡಗಿದರು. ನೀವೂ ಬೋರ್ಡ್‌ನ ಪ್ರತಿ ಅಂಕಣಕ್ಕೆ ಒಂದು ಮಿತಿ ಬರೆಯಿರಿ. ಒಂದು ಮುಗಿಯುವವರೆಗೆ ಇನ್ನೊಂದನ್ನು ಎಳೆದುಕೊಳ್ಳಬೇಡಿ. ಪ್ರೊಡಕ್ಷನ್ ನಿಂತಂಥ ತುರ್ತಿಗೆ ಮಾತ್ರ ಒಂದು ಪ್ರತ್ಯೇಕ ಸಾಲು ಇರಲಿ, ಅದರಲ್ಲಿ ಒಂದೇ ಟಿಕೆಟ್‌ಗೆ ಜಾಗ. ಪದೇ ಪದೇ ಬರುವ ಒಂದೇ ಬಗೆಯ ಟಿಕೆಟ್‌ಗಳಿಗೆ ಗುರುತು ಹಾಕುತ್ತ ಹೋಗಿ, ಏಕೆಂದರೆ ಕೋಡ್‌ನ ವಿನ್ಯಾಸ ಎಲ್ಲಿ ಕೆಟ್ಟಿದೆ ಎಂದು ಡೆವಲಪರ್‌ಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ತಿಂಗಳಿಗೊಮ್ಮೆ ಆ ಪಟ್ಟಿಯ ಮೇಲಿನ ಮೂರನ್ನು ಅವರ ಸ್ಪ್ರಿಂಟ್‌ಗೆ ಸೇರಿಸುವಂತೆ ಕೇಳಿ. ಕಂಪನಿಗೆ ಸ್ಪ್ರಿಂಟ್‌ನ ಹೆಸರಿನಲ್ಲಿ ಏನಾದರೂ ಬೇಕೇ ಬೇಕೆಂದರೆ, ಎರಡು ವಾರಕ್ಕೊಮ್ಮೆ ಹಿಂದಿನ ಕೆಲಸವನ್ನು ಅವಲೋಕಿಸುವ ರೆಟ್ರೋಸ್ಪೆಕ್ಟಿವ್ ಸಭೆಯನ್ನು ಉಳಿಸಿಕೊಂಡು, ಯಾವ ಬಗೆಯ ಟಿಕೆಟ್‌ಗೆ ಎಷ್ಟು ದಿನ ಹಿಡಿಯಿತು ಎಂಬ ಅಂಕಿಗಳನ್ನು ಅಲ್ಲಿ ಮೇಜಿನ ಮೇಲಿಡಿ.